ವ್ಯಾಕರಣ ಗೊತ್ತಿದ್ದರೂ ‘ಸಿನ್ಸ್’, ‘ಫಾರ್’ ಬಂದಲ್ಲೆಲ್ಲ ತಪ್ಪುವುದೇಕೆ?

ಪದವಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಸ್ಪರ್ಧಾತ್ಮಕ ಪರೀಕ್ಷೆಗೆ ಸಿದ್ಧರಾಗುತ್ತಿರುವ ತಮಗೆ, ನಿಯಮಗಳು ಬಾಯಿಪಾಠವಿದ್ದರೂ ‘ಸಿನ್ಸ್’ ಮತ್ತು ‘ಫಾರ್’ ಬಳಸುವಾಗ ಗೊಂದಲವಾಗುತ್ತದೆ ಎಂದು ಬರೆದಿದ್ದೀರಿ. ಧಾರವಾಡದಲ್ಲಿ ಇಂಥವೇ ಪರೀಕ್ಷೆಗಳಿಗೆ ಓದುವವರಿಗೆ ಇಂಗ್ಲಿಷ್ ಕಲಿಸುವ ನನಗೆ ಕಂಡಿರುವಂತೆ, ಇಂಥ ತಪ್ಪುಗಳು ಹೆಚ್ಚಾಗಿ ಹುಟ್ಟುವುದು ಕನ್ನಡದ ಒಂದೇ ರೂಪ ಇಂಗ್ಲಿಷಿನ ಎರಡು ಮೂರು ರೂಪಗಳ ಕೆಲಸವನ್ನು ನಿರ್ವಹಿಸುವ ಜಾಗಗಳಲ್ಲಿ.

‘ಎರಡು ವರ್ಷದಿಂದ ಧಾರವಾಡದಲ್ಲಿದ್ದೇನೆ’ ಎಂದರೂ ‘2019ರಿಂದ ಧಾರವಾಡದಲ್ಲಿದ್ದೇನೆ’ ಎಂದರೂ ನಮಗೆ ‘ಇಂದ’ ಎಂಬ ಒಂದೇ ಪ್ರತ್ಯಯ ಸಾಕು. ಇಂಗ್ಲಿಷಿನಲ್ಲಿ ಮಾತ್ರ ಹೇಳುತ್ತಿರುವುದು ಕಾಲದ ಉದ್ದವನ್ನೋ ಅದು ಆರಂಭವಾದ ಗಳಿಗೆಯನ್ನೋ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕು. ಉದ್ದಕ್ಕೆ ‘ಫಾರ್’, ಆರಂಭಕ್ಕೆ ‘ಸಿನ್ಸ್’. ಇಷ್ಟನ್ನು ಎಲ್ಲ ಗೈಡುಗಳೂ ಹೇಳುತ್ತವೆ. ಆದರೆ ‘ಐ ಆ್ಯಮ್ ಲಿವಿಂಗ್ ಇನ್ ಧಾರವಾಡ ಸಿನ್ಸ್ ಟೂ ಇಯರ್ಸ್’ ಎಂಬ ವಾಕ್ಯದಲ್ಲಿ ‘ಸಿನ್ಸ್’ ತೆಗೆದು ‘ಫಾರ್’ ಹಾಕಿದರೂ ವಾಕ್ಯ ಸರಿಯಾಗುವುದಿಲ್ಲ, ಏಕೆಂದರೆ ಕ್ರಿಯಾಪದದಲ್ಲಿಯೂ ತಪ್ಪಿದೆ. ‘ಇದ್ದೇನೆ’ ಎಂಬ ನಮ್ಮ ವರ್ತಮಾನ ರೂಪ ಹಿಂದಿನಿಂದ ಇಂದಿನವರೆಗಿನ ಕಾಲವನ್ನೂ ಒಳಗೊಳ್ಳುತ್ತದೆ. ಇಂಗ್ಲಿಷಿನ ‘ಆ್ಯಮ್’ ಹಾಗೆ ಒಳಗೊಳ್ಳುವುದಿಲ್ಲವಾದ್ದರಿಂದ ‘ಐ ಹ್ಯಾವ್ ಬೀನ್ ಲಿವಿಂಗ್ ಇನ್ ಧಾರವಾಡ ಫಾರ್ ಟೂ ಇಯರ್ಸ್’ ಎನ್ನಬೇಕು. 1890ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘವನ್ನೇ ಉದಾಹರಣೆಗೆ ತೆಗೆದುಕೊಳ್ಳಿ: ‘ದ ಸಂಘ ಹ್ಯಾಸ್ ಬೀನ್ ಇನ್ ಧಾರವಾಡ ಸಿನ್ಸ್ 1890’, ಅಥವಾ ‘ಫಾರ್ ಮೋರ್ ದ್ಯಾನ್ ಎ ಹಂಡ್ರೆಡ್ ಇಯರ್ಸ್’. ಎರಡರಲ್ಲಿಯೂ ಕ್ರಿಯಾಪದ ಬದಲಾಗಿಲ್ಲ ಎಂಬುದನ್ನು ಗಮನಿಸಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ‘ಫಾರ್’ ಕಂಡೊಡನೆ ‘ಹ್ಯಾವ್ ಬೀನ್’ ಹಾಕುವ ಅಭ್ಯಾಸವನ್ನು ಕೆಲವರು ಕಲಿಸುತ್ತಾರೆ, ಅದು ಅಪಾಯಕಾರಿ. ‘ಐ ಲಿವ್ಡ್ ಇನ್ ಗದಗ ಫಾರ್ ಟೂ ಇಯರ್ಸ್’ ಎಂಬುದು ಪೂರ್ತಿ ಸರಿಯಾದ ವಾಕ್ಯ, ಮತ್ತು ಆ ವಾಸ ಮುಗಿದುಹೋಗಿದೆ ಎಂಬುದೇ ಅದರ ಅರ್ಥ.

ಇದೇ ‘ಹ್ಯಾವ್’ ರೂಪ ಇನ್ನೊಂದು ಕಡೆಯೂ ತೊಡಕು ತರುತ್ತದೆ. ‘ನಿನ್ನೆಯೇ ಅರ್ಜಿ ಹಾಕಿದ್ದೇನೆ’ ಎಂಬುದು ಒಳ್ಳೆಯ ಕನ್ನಡ, ಆದರೆ ‘ಐ ಹ್ಯಾವ್ ಅಪ್ಲೈಡ್ ಯಸ್ಟರ್‌ಡೇ’ ಎಂಬುದು ತಪ್ಪು ಇಂಗ್ಲಿಷ್. ನಿನ್ನೆ, ಹೋದ ವಾರ, 2019ರಲ್ಲಿ ಎಂದು ಮುಗಿದ ಕಾಲವನ್ನು ಹೆಸರಿಸಿದ ಮೇಲೆ ‘ಹ್ಯಾವ್’ ನಿಲ್ಲುವುದಿಲ್ಲ. ‘ಐ ಅಪ್ಲೈಡ್ ಯಸ್ಟರ್‌ಡೇ’ ಎಂದಷ್ಟೇ ಬರೆಯಬೇಕು. ಪರೀಕ್ಷೆಯಲ್ಲಿ ವಾಕ್ಯದ ತಪ್ಪು ಗುರುತಿಸುವ ಪ್ರಶ್ನೆ ಬಂದಾಗ ಕ್ರಿಯಾಪದಕ್ಕಿಂತ ಮೊದಲು ಕಾಲಸೂಚಕ ಪದವನ್ನು ಹುಡುಕಿರೆಂದು ನಾನು ಒತ್ತಾಯಿಸುವುದು ಇದೇ ಕಾರಣಕ್ಕೆ.

‘ಅಲ್ಲಿ’ ಪ್ರತ್ಯಯದ ಕಥೆಯೂ ಹೀಗೆಯೇ. (ಹುಬ್ಬಳ್ಳಿ–ಧಾರವಾಡ ನಡುವೆ ಓಡುವ) ಚಿಗರಿ ಬಸ್ಸಿನಲ್ಲಿದ್ದೇನೆ, ಜುಬಿಲಿ ಸರ್ಕಲ್‌ನಲ್ಲಿದ್ದೇನೆ, ಧಾರವಾಡದಲ್ಲಿದ್ದೇನೆ ಎಂಬ ಮೂರಕ್ಕೆ ಇಂಗ್ಲಿಷಿನಲ್ಲಿ ಕ್ರಮವಾಗಿ ‘ಆನ್’, ‘ಅಟ್’, ‘ಇನ್’ ಬೇಕಾಗುತ್ತವೆ. ‘ಬಗ್ಗೆ ಚರ್ಚಿಸು’ ಎಂಬುದರ ರೂಢಿಯಿಂದ ‘ಡಿಸ್ಕಸ್’ ಮುಂದೆ ‘ಅಬೌಟ್’ ಸೇರಿಕೊಳ್ಳುತ್ತದೆ, ಅದನ್ನು ಬಿಡಬೇಕು.

ತಾವು ಕೇಳದಿದ್ದರೂ, ಸಂದರ್ಶನದಲ್ಲಿ ನಿಜವಾದ ನಷ್ಟ ಉಂಟುಮಾಡುವ ಒಂದು ವಿಷಯವನ್ನು ಹೇಳಲೇಬೇಕು. ‘ನೀವು ಮೊದಲು ಎಲ್ಲಿಯೂ ಕೆಲಸ ಮಾಡಿಲ್ಲವೇ?’ ಎಂದರೆ, ಕೇಳಿದವರ ಊಹೆಯನ್ನು ಒಪ್ಪಿ ‘ಹೌದು, ಮಾಡಿಲ್ಲ’ ಎನ್ನುವುದು ನಮಗೆ ಸಹಜ. ಇಂಗ್ಲಿಷಿನಲ್ಲಿ ‘ಹ್ಯಾವಂಟ್ ಯೂ ವರ್ಕ್ಡ್ ಬಿಫೋರ್?’ ಎಂಬ ಪ್ರಶ್ನೆಗೆ ‘ಯಸ್’ ಎಂದು ನಿಲ್ಲಿಸಿದರೆ ತಮಗೆ ಅನುಭವವಿದೆ ಎಂದೇ ಅರ್ಥವಾಗುತ್ತದೆ. ಕೆಲಸ ಮಾಡಿರದಿದ್ದರೆ ‘ನೋ, ಐ ಹ್ಯಾವಂಟ್’ ಎಂದು ಪೂರ್ತಿಯಾಗಿ ಹೇಳಿ.