"ಎರಡು ಸಾವಿರ ಜಾಸ್ತಿ ಆದ್ರೆ ನನಗೇ ನಷ್ಟ ಮೇಡಂ"

ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದ ಒಬ್ಬರ ಕಥೆ ಇದು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರ, ಸಂಬಳದ ಅಂಕಿ ಎಲ್ಲ ಸ್ವಲ್ಪ ಬದಲಿಸಿದ್ದೇನೆ. ಇಲ್ಲಿ ಅವರನ್ನು ಸುಮಾ ಅಂತ ಕರೆಯೋಣ.

2024ರ ಫೆಬ್ರುವರಿಯಲ್ಲಿ ಸುಮಾ ಅವರನ್ನು ತಂಗಿ ಕರೆದುಕೊಂಡು ಬಂದರು. "ಅಕ್ಕನಿಗೆ ರಾತ್ರಿ ನಿದ್ದೆ ಇಲ್ಲ. ತಿಂಗಳ ಮೊದಲ ವಾರ ಬಂತು ಅಂದ್ರೆ ಇನ್ನೂ ಜಾಸ್ತಿ." ಸುಮಾಗೆ 34 ವರ್ಷ. ಪೀಣ್ಯದ ಒಂದು ಸಣ್ಣ ಮಷಿನ್ ಶಾಪ್‌ನಲ್ಲಿ ಒಂಬತ್ತು ವರ್ಷದಿಂದ ಅಕೌಂಟ್ಸ್ ನೋಡಿಕೊಳ್ಳುತ್ತಾರೆ. ಸಂಬಳ 20,500. ಅಪ್ಪ ತೀರಿಕೊಂಡಿದ್ದಾರೆ, ಅಮ್ಮ ಇವರ ಜೊತೆಗಿದ್ದಾರೆ.

ಮೊದಲ ವಾರವೇ ಯಾಕೆ? ಆಗ ಎಲ್ಲರ ಸಂಬಳದ ಪಟ್ಟಿ ಮಾಡುವುದು ಸುಮಾನೇ. ಜನವರಿಯಲ್ಲಿ ಡಿಸ್ಪ್ಯಾಚ್‌ಗೆ ಒಬ್ಬ ಹುಡುಗ ಸೇರಿದ್ದ. ಅವನ ಹೆಸರಿನ ಮುಂದೆ 24,000. "ನನ್ನ ಕೈಯಾರೆ ಟೈಪ್ ಮಾಡಿದೆ ಮೇಡಂ."

ಓನರ್ ಹತ್ತಿರ ಕೇಳಲು ಎರಡು ಸಲ ಕ್ಯಾಬಿನ್‌ಗೆ ಹೋಗಿದ್ದರಂತೆ. ಎರಡು ಸಲವೂ ವೋಚರ್‌ಗೆ ಸೈನ್ ಹಾಕಿಸಿಕೊಂಡು ವಾಪಸ್. "ಕೈಯಲ್ಲಿ ಏನಾದ್ರೂ ಕಾಗದ ಇಟ್ಕೊಂಡೇ ಹೋಗ್ತೀನಿ. ಬಾಯಿ ಬರದಿದ್ರೆ ಸೈನ್ ಹಾಕಿಸ್ಕೊಂಡು ಬರಬಹುದಲ್ವಾ."

ಅಪ್ಪ ಹೋದಾಗ ಓನರ್ 40,000 ರೂಪಾಯಿ ಬಡ್ಡಿಯಿಲ್ಲದೆ ಕೊಟ್ಟಿದ್ದರು. ಅದು ತೀರಿ ಎಷ್ಟೋ ಕಾಲವಾಗಿದೆ. ಆದರೂ "ಅವರ ಉಪ್ಪು ತಿಂದಿದ್ದೀನಿ" ಅನ್ನುವ ಮಾತು ಒಂದು ಗಂಟೆಯಲ್ಲಿ ಮೂರು ಸಲ ಬಂತು. ನನಗೆ ಕೇಸು ಅರ್ಥವಾಯಿತು ಅನ್ನಿಸಿಬಿಟ್ಟಿತು. ಋಣದ ಭಾರ, ಕೇಳಲು ಸಂಕೋಚ, ಬಾಯಿ ಕಟ್ಟುತ್ತದೆ. ಸಾಲ ಬೇರೆ, ದುಡಿದದ್ದಕ್ಕೆ ಬರುವ ಸಂಬಳ ಬೇರೆ ಅಂತ ಬಿಡಿಸಿ ಹೇಳಿದೆ. ನಾನೇ ಓನರ್ ಆಗಿ ಎದುರು ಕೂತು ಅಭ್ಯಾಸ ಮಾಡಿಸಿದೆ. ನಿಧಾನವಾಗಿ ಉಸಿರಾಡುವುದನ್ನೂ ಹೇಳಿಕೊಟ್ಟೆ. (ಅದನ್ನು ಒಂದು ದಿನವೂ ಮಾಡಲಿಲ್ಲ ಅಂತ ಆಮೇಲೆ ಒಪ್ಪಿಕೊಂಡರು.)

ಮಾರ್ಚ್ ಎರಡನೇ ವಾರ ಸುಮಾ ಕೇಳಿಯೇಬಿಟ್ಟರು. "ಸಾರ್, ಮನೆ ಖರ್ಚು ಜಾಸ್ತಿ ಆಗಿದೆ, ಸ್ವಲ್ಪ ನೋಡಿ ಸಾರ್." ಓನರ್ ಗೊಣಗದೆ ಒಪ್ಪಿದರು. "ಏಪ್ರಿಲ್‌ನಿಂದ 22,500 ಮಾಡೋಣಮ್ಮ. ನೀನು ನಮ್ಮನೆ ಮಗಳಿದ್ದ ಹಾಗೆ."

ಸುಮಾ "ಬೇಡ ಸಾರ್" ಅಂತ ಹೇಳಿ ಹೊರಗೆ ಬಂದರು.

ನಾನು ಪೆನ್ನು ಹಿಡಿದು ಕೂತಿದ್ದೆ. ತನ್ನ ಒಳ್ಳೆಯದನ್ನು ತಾನೇ ಕೆಡಿಸಿಕೊಳ್ಳುವ ಸ್ವಭಾವ ಅಂತ ಇನ್ನೇನು ಬರೆಯಬೇಕು, ಅಷ್ಟರಲ್ಲಿ "ಯಾಕೆ ಬೇಡ ಅಂದ್ರಿ?" ಅಂತ ಕೇಳಿದೆ. ಕೇಳಿದ್ದು ನನ್ನ ಪುಣ್ಯ. ಸುಮಾ ಮೊಬೈಲ್ ತೆಗೆದು ಕ್ಯಾಲ್ಕುಲೇಟರ್ ಒತ್ತಿದರು. "21,000 ದಾಟಿದ್ರೆ ಇಎಸ್‌ಐ ಹೋಗತ್ತೆ." (ಇಎಸ್‌ಐ ಅಂದರೆ ಕಡಿಮೆ ಸಂಬಳದ ನೌಕರರಿಗೂ ಅವರ ಮನೆಯವರಿಗೂ ಚಿಕಿತ್ಸೆ ಕೊಡುವ ಸರ್ಕಾರಿ ವಿಮೆ.) "ಅಮ್ಮನ ಶುಗರ್, ಹಾರ್ಟ್ ಮಾತ್ರೆ ಎಲ್ಲ ಅಲ್ಲೇ. ಹೊರಗೆ ತಗೊಂಡ್ರೆ ತಿಂಗಳಿಗೆ 3,400. ಎರಡು ಸಾವಿರ ಜಾಸ್ತಿ ಆದ್ರೆ ನನಗೇ ನಷ್ಟ ಮೇಡಂ."

ಮೊದಲೇ ಯಾಕೆ ಹೇಳಲಿಲ್ಲ? "ಮನಸ್ಸಿನ ಸಮಸ್ಯೆ ಅಂತ ತಾನೇ ಬಂದಿದ್ದು. ಇಎಸ್‌ಐ ವಿಷ್ಯ ನಿಮಗ್ಯಾಕೆ ಅಂತ ಸುಮ್ನಿದ್ದೆ. ಫ್ಯಾಕ್ಟರಿ ಚಲನ್ ತುಂಬೋಳೇ ನಾನು."

ಅಂದರೆ ಕ್ಯಾಬಿನ್ ಬಾಗಿಲಲ್ಲಿ ಬಾಯಿ ಕಟ್ಟುತ್ತಿದ್ದುದು ಬರೀ ಹೆದರಿಕೆಯಿಂದ ಅಲ್ಲ. ಒಳಗೆ ಒಂದು ಲೆಕ್ಕ ಇತ್ತು, ಅದು ಸರಿಯಾಗಿಯೂ ಇತ್ತು. ಇಎಸ್‌ಐ ಮಿತಿ 2017ರ ಜನವರಿಯಿಂದ 21,000ದಲ್ಲೇ ನಿಂತಿದೆ. ನೌಕರರ ಪಾಲು ಸಂಬಳದ ಶೇ. 0.75, ಮಾಲೀಕರದು ಶೇ. 3.25. ಸುಮಾ ಪಾಲು ತಿಂಗಳಿಗೆ 154 ರೂಪಾಯಿ. ಅಷ್ಟು ದುಡ್ಡಿಗೆ ಅಮ್ಮನಿಗೆ ಡಿಸ್ಪೆನ್ಸರಿ, ದೊಡ್ಡದೇನಾದರೂ ಬಂದರೆ ರಾಜಾಜಿನಗರದ ಆಸ್ಪತ್ರೆ. ಅಲ್ಲಿಯ ಕ್ಯೂ ಬಗ್ಗೆ ಎಷ್ಟೇ ಬೈದುಕೊಂಡರೂ ಹೊರಗಡೆ ಈ ಬೆಲೆಗೆ ಏನೂ ಸಿಗುವುದಿಲ್ಲ. ಈ ಗೆರೆಯ ಕೆಳಗೆ ತಲೆ ತಗ್ಗಿಸಿ ಕೂತವರನ್ನು ನಾನು ಆಮೇಲೆ ಸುಮಾರು ಜನರನ್ನು ನೋಡಿದ್ದೇನೆ. ಸುಮಾ ಬರುವವರೆಗೆ ನನಗೆ ಆ ಗೆರೆಯೇ ಗೊತ್ತಿರಲಿಲ್ಲ.

ಹಾಗಾಗಿ ಮುಂದಿನ ಸಲ ನಾವು ಮನಸ್ಸಿನ ಮಾತು ಪಕ್ಕಕ್ಕಿಟ್ಟು ಕಾಗದ ತೆಗೆದುಕೊಂಡು ಕೂತೆವು.

ನಾನು ಕೊಟ್ಟ ಮೊದಲ ಸಲಹೆ, "ಸ್ವಲ್ಪ" ಅನ್ನುವ ಪದ ಬಿಡಿ. ನಿಮ್ಮ ಪಾಲಿಗೆ ಆ ಸ್ವಲ್ಪವೇ ಅಪಾಯ. 20,500ಕ್ಕೆ ಮಾತ್ರೆಯ 3,400 ಸೇರಿದರೆ 23,900. ಅಮ್ಮನಿಗೆ ಒಂದು ಆರೋಗ್ಯ ವಿಮೆ ಮಾಡಿಸಿದರೆ, ಅವರಿಗೆ ಬಂದ ಕೊಟೇಶನ್ ಪ್ರಕಾರ, ತಿಂಗಳಿಗೆ ಸುಮಾರು 1,800. ಅಲ್ಲಿಗೆ 25,700 ಆಯಿತು. ಇಷ್ಟಾದರೂ ಕೈಗೆ ಒಂದು ರೂಪಾಯಿ ಜಾಸ್ತಿ ಬಂದಿರುವುದಿಲ್ಲ! 28,000 ಕೇಳಿ, 26,000ಕ್ಕಿಂತ ಕೆಳಗೆ ಒಪ್ಪಬೇಡಿ ಅಂದೆ. ಅಷ್ಟು ಆಗಲ್ಲ ಅಂದರೆ 21,000ಕ್ಕೇ ನಿಲ್ಲಿಸಿ, ಉಳಿದದ್ದನ್ನು ಬರುವ ವರ್ಷಕ್ಕೆ ಲಿಖಿತವಾಗಿ ಕೇಳಿ. ನಡುವಿನ ಅಂಕಿ ಮಾತ್ರ ಬೇಡ.

ಎರಡನೆಯದನ್ನು ಅವರೇ ನನಗೆ ಕಲಿಸಿದರು. ಇಎಸ್‌ಐ ವಂತಿಗೆಯ ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಮತ್ತೆ ಅಕ್ಟೋಬರ್‌ನಿಂದ ಮಾರ್ಚ್. ಅವಧಿ ಶುರುವಾದ ಮೇಲೆ ಸಂಬಳ 21,000 ದಾಟಿದರೆ, ಆ ಅವಧಿ ಮುಗಿಯುವವರೆಗೆ ವಂತಿಗೆ ಕಟ್ಟಲೇಬೇಕು, ಅದೂ ಪೂರ್ತಿ ಸಂಬಳದ ಮೇಲೆ. ಅಂದರೆ ಏಪ್ರಿಲ್ 1ಕ್ಕೆ ಹೆಚ್ಚಾದರೆ ವಂತಿಗೆ ಅಲ್ಲಿಗೇ ಮುಗಿಯಿತು, ಸೌಲಭ್ಯ ಡಿಸೆಂಬರ್ 31ರವರೆಗೆ ಮಾತ್ರ. ಮೇ 1ಕ್ಕೆ ಹೆಚ್ಚಾದರೆ ಸೆಪ್ಟೆಂಬರ್ 30ರವರೆಗೆ ವಂತಿಗೆ ನಡೆಯುತ್ತದೆ. ಆ ವಂತಿಗೆಯ ಸೌಲಭ್ಯ ಮುಂದಿನ ಜೂನ್ 30ರವರೆಗೆ ಇರುತ್ತದೆ. ಇದೇನು ಕಳ್ಳದಾರಿಯಲ್ಲ, ನಿಯಮವೇ ಹಾಗಿದೆ. ಒಂದು ತಿಂಗಳ ಹೆಚ್ಚಳ ಬಿಟ್ಟರೆ ಅಮ್ಮನ ವಿಮೆಗೆ ಇನ್ನೂ ಆರು ತಿಂಗಳು ಬಿಡುವು ಸಿಗುತ್ತದೆ. ಹಳೆಯ ಕಾಯಿಲೆಗೆ ವಿಮೆಯಲ್ಲಿ ಕಾಯುವ ಅವಧಿ ಇರುವುದರಿಂದ ಅದನ್ನು ಬೇಗ ಶುರು ಮಾಡಿ ಅಂತ ನಾನು ಸೇರಿಸಿದೆ.

ಆ ಹುಡುಗನ 24,000 ಎತ್ತಬೇಡಿ ಅಂತಲೂ ಹೇಳಿದೆ. ಇದಕ್ಕೆ ಅವರಿಗೆ ಸ್ವಲ್ಪ ಬೇಜಾರಾಯಿತು. ಎದೆಗೆ ಚುಚ್ಚಿದ್ದೇ ಅದು. ಆದರೆ ನಂಬಿ ಕೈಗೆ ಕೊಟ್ಟ ಪಟ್ಟಿಯನ್ನೇ ತೋರಿಸಿ ಚೌಕಾಸಿ ಮಾಡಿದರೆ ಮಾತು ಸಂಬಳದಿಂದ ನಂಬಿಕೆಗೆ ಜಾರುತ್ತದೆ. ಅಲ್ಲಿ ನೀವು ಸೋಲುತ್ತೀರಿ ಅಂದೆ.

ಹಾಗಾದರೆ ಏನು ಹೇಳುವುದು? ಮನೆ ಖರ್ಚು ಬೇಡ, ಅಮ್ಮನ ಕಾಯಿಲೆಯೂ ಬೇಡ. ಮಾಡಿದ ಕೆಲಸ ಹೇಳಿ. "ನಾನೇನು ಮಾಡಿದ್ದೀನಿ, ಟ್ಯಾಲಿ ಎಂಟ್ರಿ, ಪ್ರತಿ ತಿಂಗಳು 11ಕ್ಕೆ, 20ಕ್ಕೆ ಜಿಎಸ್‌ಟಿ, ಇ-ವೇ ಬಿಲ್, ಎಲ್ಲರೂ ಮಾಡೋದೇ" ಅಂದರು. ಕೆದಕಿದಾಗ ಒಂದು ಸಿಕ್ಕಿತು. ಆ ವರ್ಷ ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ಅನ್ನುವ ನಿಯಮ ಹೊಸದಾಗಿ ಬಂದಿತ್ತು. ಸಣ್ಣ ಉದ್ದಿಮೆಗಳಿಗೆ ಕೊಡಬೇಕಾದ ಬಾಕಿ ಗಡುವು (ಕರಾರಿದ್ದರೂ ಹೆಚ್ಚೆಂದರೆ 45 ದಿನ) ಮೀರಿ, ಮಾರ್ಚ್ ಮುಗಿದರೂ ಹಾಗೇ ಉಳಿದರೆ, ಕೊಳ್ಳುವವರಿಗೆ ಆ ವರ್ಷ ಅದನ್ನು ಖರ್ಚಿನಲ್ಲಿ ತೋರಿಸಲು ಆಗುವುದಿಲ್ಲ. ಸುಮಾ ಇದನ್ನು ಓದಿಕೊಂಡು, ಫೆಬ್ರುವರಿಯಿಂದ ಒಬ್ಬೊಬ್ಬ ಗಿರಾಕಿಗೂ ಫೋನ್ ಮಾಡಿ, ಉದ್ಯಮ್ ಸರ್ಟಿಫಿಕೇಟ್ (ಸಣ್ಣ ಉದ್ದಿಮೆ ಅನ್ನುವುದಕ್ಕೆ ಸರ್ಕಾರದ ನೋಂದಣಿ ಪತ್ರ) ಕಳಿಸಿ, ಸತಾಯಿಸುತ್ತಿದ್ದ 11 ಲಕ್ಷ ಬಾಕಿಯನ್ನು ಮಾರ್ಚ್ ಮುಗಿಯುವ ಮೊದಲು ತರಿಸಿದ್ದರು. ಯಾರೂ ಹೇಳದೇ ಮಾಡಿದ್ದು.

"ಇದನ್ನ ಓನರ್‌ಗೆ ಹೇಳಿದ್ರಾ?"

"ದುಡ್ಡು ಬಂದಿದೆ ಸಾರ್ ಅಂದೆ."

ಒಂದೇ ಹಾಳೆಯಲ್ಲಿ ಬರೆದೆವು. ಮೇಲೆ ಬಾಕಿ ವಸೂಲಿ, ಕೆಳಗೆ ಸೇರಿದಾಗಿನ ಕೆಲಸ ಮತ್ತು ಈಗಿನ ಕೆಲಸ, ಕೊನೆಗೆ 28,000, ಮೇ 1. ಕ್ಯಾಬಿನ್‌ಗೆ ಕಾಗದ ಇಟ್ಟುಕೊಂಡೇ ಹೋಗುವ ಅಭ್ಯಾಸ ಇತ್ತಲ್ಲ, ಅದನ್ನು ಬಿಡಿಸಲಿಲ್ಲ. ಕಾಗದ ಮಾತ್ರ ಬದಲಾಯಿತು. "ಮಗಳಿದ್ದ ಹಾಗೆ" ಅಂದರೆ ವಾದಿಸಬೇಡಿ, ನಕ್ಕು ಮತ್ತೆ ಹಾಳೆಗೆ ಬನ್ನಿ ಅಂದೆ. ಅಂಕಿ ಹೇಳಿದ ಮೇಲೆ ಅವರೇ ಮಾತಾಡುವವರೆಗೆ ಸುಮ್ಮನಿರಿ.

ಏಪ್ರಿಲ್ 20ರ ರಿಟರ್ನ್ ಮುಗಿಸಿ, 23ಕ್ಕೆ ಹೋದರು. ಓನರ್ ಹಾಳೆ ಎರಡು ಸಲ ಓದಿದರಂತೆ. ಆ ಮೌನದಲ್ಲಿ ಹೊರಗಿನ ಲೇತ್ ಸದ್ದು ಎಷ್ಟು ಜೋರಾಗಿ ಕೇಳಿಸಿತು ಅಂತ ಸುಮಾ ಇವತ್ತಿಗೂ ಹೇಳುತ್ತಾರೆ. "ಯಾರಮ್ಮ ನಿನಗೆ ಇದೆಲ್ಲ ಹೇಳಿಕೊಟ್ಟಿದ್ದು?" ಅಂತ ಕೇಳಿ, 25,000 ಅಂದರು. ಸುಮಾ ಹೂಂ ಅನ್ನಲಿಲ್ಲ. ಕೊನೆಗೆ 26,500ಕ್ಕೆ ನಿಂತಿತು. ಆ ಓನರ್ ಕೆಟ್ಟವರಲ್ಲ. ಒಂಬತ್ತು ವರ್ಷ ಯಾರೂ ಕೇಳಿರಲಿಲ್ಲ, ಅವರೂ ಯೋಚಿಸಿರಲಿಲ್ಲ.

ಜೂನ್ ಮೊದಲ ವಾರ ಸುಮಾ ಒಬ್ಬರೇ ಬಂದರು. ನಿದ್ದೆ ಪರವಾಗಿಲ್ಲ ಅಂದರು. 26,000 ಸಾಕು ಅಂತ ನಾನು ಹೇಳಿದ್ದರೂ 26,500ಕ್ಕೆ ಯಾಕೆ ಹಿಡಿದು ಕೂತಿರಿ ಅಂತ ಕೇಳಿದೆ. ಬ್ಯಾಗಿನಿಂದ ಮೇ ತಿಂಗಳ ಸಂಬಳದ ಸ್ಲಿಪ್ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. ವೃತ್ತಿ ತೆರಿಗೆ, 200 ರೂಪಾಯಿ.

"25,000 ಮುಟ್ಟಿದ್ರೆ ಇದು ಕಟ್ ಆಗತ್ತೆ ಮೇಡಂ. ನಿಮ್ಮ ಲೆಕ್ಕದಲ್ಲಿ ಬಿಟ್ಟುಹೋಗಿತ್ತು. ನಾನು ಸೇರಿಸ್ಕೊಂಡಿದ್ದೆ."