ವಿಂಡೋಸ್ ಮತ್ತೆ ಹಾಕುವ ಮುಂಚೆ ಬ್ಯಾಕಪ್ ಹೇಗೆ? ಡಿ ಡ್ರೈವ್‌ಗೆ ಹಾಕಿಟ್ಟರೆ ಸಾಲದೇ?

ಸಾಲದು. ಲ್ಯಾಪ್‌ಟಾಪಿನಲ್ಲಿ ಸಿ, ಡಿ ಎರಡೂ ಸಾಮಾನ್ಯವಾಗಿ ಒಂದೇ ಡಿಸ್ಕಿನ ಭಾಗಗಳು. ಇನ್‌ಸ್ಟಾಲ್ ಮಾಡುವಾಗ ಗಡಿಬಿಡಿಯಲ್ಲಿ ಡಿ ಪಾರ್ಟಿಷನ್ ಅಳಿಸಿಬಿಟ್ಟರೆ ಮುಗೀತು. ನಾನೂ ಒಮ್ಮೆ ಹೀಗೆ ಕೈ ಸುಟ್ಟುಕೊಂಡವನೇ. ಹೊರಗಿನ ಹಾರ್ಡ್ ಡಿಸ್ಕ್‌ಗೆ ಹಾಕಿ, ಇನ್‌ಸ್ಟಾಲ್ ಮುಗಿಯುವ ತನಕ ಅದರ ಕೇಬಲ್ ತೆಗೆದಿಡಿ.

ಸಿ ಡ್ರೈವಿನ ಯೂಸರ್ಸ್ ಒಳಗೆ ನಿಮ್ಮ ಹೆಸರಿನ ಫೋಲ್ಡರ್ ಇರುತ್ತದೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಎಲ್ಲಾ ಅಲ್ಲೇ. ಅದನ್ನು ಇಡಿಯಾಗಿ ಕಾಪಿ ಮಾಡಿ. ಕ್ರೋಮ್, ಎಡ್ಜ್‌ನಂಥ ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು ಮಾತ್ರ ಹೀಗೆ ಸುಮ್ನೆ ಕಾಪಿ ಮಾಡಿದರೆ ಬರುವುದಿಲ್ಲ. ಹಳೆಯ ವಿಂಡೋಸ್ ಖಾತೆಗೆ ಬೆಸೆದು ಗೂಢಲಿಪಿಯಲ್ಲಿ ಇಟ್ಟಿರುತ್ತಾರೆ. ಅವನ್ನು ಬ್ರೌಸರಿನಿಂದಲೇ ಎಕ್ಸ್‌ಪೋರ್ಟ್ ಮಾಡಿ, ಇಲ್ಲವೇ ಸಿಂಕ್ (ನಿಮ್ಮ ಬ್ರೌಸರ್ ಖಾತೆಯಲ್ಲಿ ಆನ್‌ಲೈನಾಗಿ ಉಳಿಸುವ ಸೌಲಭ್ಯ) ಆನ್ ಮಾಡಿ.

ನಮ್ಮವರು ಜಾಸ್ತಿ ಮರೆಯುವುದು ಫಾಂಟ್. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ, ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ ಫೈಲುಗಳಿದ್ದರೆ ಆ ಫಾಂಟನ್ನೂ ತೆಗೆದಿಡಿ. ಅದಿಲ್ಲದಿದ್ದರೆ ಕನ್ನಡದ ಜಾಗದಲ್ಲಿ ವಿಚಿತ್ರ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ, ಫೈಲೇ ಕೆಟ್ಟಿದೆ ಅಂತ ಗಾಬರಿಯಾಗುತ್ತದೆ.

4 ಜಿಬಿಗಿಂತ ದೊಡ್ಡ ವಿಡಿಯೊ ಪೆನ್‌ಡ್ರೈವ್‌ಗೆ ಹೋಗುತ್ತಿಲ್ಲವೇ? ಪೆನ್‌ಡ್ರೈವ್ ಬಹುಶಃ ಫ್ಯಾಟ್32 ಎಂಬ ಹಳೆಯ ವಿಧಾನದಲ್ಲಿ ಫಾರ್ಮ್ಯಾಟ್ ಆಗಿದೆ, ಅದು ಅಷ್ಟು ದೊಡ್ಡ ಫೈಲ್ ಹಿಡಿಯುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ, ಪೆನ್‌ಡ್ರೈವಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಅನ್ನುವುದು ನೆನಪಿರಲಿ.

ಕೊನೆಗೆ, ಕಾಪಿಯಾದ ನಾಲ್ಕೈದು ಫೈಲುಗಳನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಆಮೇಲೆ ಫಾರ್ಮ್ಯಾಟ್ ಒತ್ತಿ.