1977ರ ಫೋಕ್ಸ್‌ವ್ಯಾಗನ್ ಟಿ2 ವೆಸ್ಟ್‌ಫಾಲಿಯಾ ಕ್ಯಾಂಪರ್ ಕೊಂಡಿದ್ದೇನೆ (ಜರ್ಮನಿಯಲ್ಲಿದ್ದೇನೆ). 1600 ಸಿಸಿ ಎಂಜಿನ್ ನೀಲಿ ಹೊಗೆ ಬಿಡುತ್ತದೆ, ಒಳಗಿನ ಬೀರುಗಳ ಬುಡ ಉಬ್ಬಿದೆ. ಮೊದಲು ಎಂಜಿನ್ ಬಿಚ್ಚಿಸಲೇ, ಒಳಗಿನ ಮರಗೆಲಸ ಮಾಡಿಸಲೇ? ಬಾಗಿಲ ಕೆಳಗೆ ಸ್ವಲ್ಪ ತುಕ್ಕು, ಮಳೆ ಬಂದರೆ ಒಳಗೆ ಒಂದಿಷ್ಟು ತೇವ.

ನಿಮ್ಮಲ್ಲಿರುವಂಥದ್ದೇ ಗಾಡಿ ನನ್ನ ಹತ್ತಿರವೂ ಇದೆ. ಅದೇ ಟಿ2, ಅದೇ 1600 ಸಿಸಿ ಎಂಜಿನ್, ಅದೇ ಎತ್ತುವ ಛಾವಣಿ. ಕೊಂಡಾಗ ಅದೂ ನೀಲಿ ಹೊಗೆ ಬಿಡುತ್ತಿತ್ತು, ಬೀರುಗಳ ಪ್ಲೈವುಡ್ ಬುಡದಲ್ಲಿ ಉಬ್ಬಿಕೊಂಡಿತ್ತು. ಎಂಜಿನ್ ಮೊದಲೋ ಮರಗೆಲಸ ಮೊದಲೋ ಎಂದು ಕೇಳಿದ್ದೀರಿ. ಎರಡೂ ಅಲ್ಲ. ಪ್ರಶ್ನೆಯ ಕೊನೆಯಲ್ಲಿ "ಬಾಗಿಲ ಕೆಳಗೆ ಸ್ವಲ್ಪ ತುಕ್ಕು, ಮಳೆ ಬಂದರೆ ಒಳಗೆ ಒಂದಿಷ್ಟು ತೇವ" ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಲ್ಲ, ಕೆಲಸ ಶುರುವಾಗಬೇಕಾದದ್ದು ಅಲ್ಲಿಂದ.

ಈ ಎಂಜಿನ್ನಿನ ಬಗ್ಗೆ ಅಷ್ಟೊಂದು ಗಾಬರಿ ಬೇಡ. ಗೇರ್‌ಬಾಕ್ಸಿಗೆ ಹಿಡಿದಿರುವ ನಾಲ್ಕು ಬೋಲ್ಟು, ಹಿಂಬದಿಯ ಆಧಾರದ ಪಟ್ಟಿ, ವೈರು, ಕೇಬಲ್ಲು, ಪೆಟ್ರೋಲ್ ಪೈಪು ಬಿಚ್ಚಿದರೆ ಟ್ರಾಲಿ ಜಾಕಿಯ ಮೇಲೆ ಕೆಳಕ್ಕಿಳಿಯುತ್ತದೆ. ಪಿಸ್ಟನ್, ಸಿಲಿಂಡರ್, ಹೆಡ್ಡು ಎಲ್ಲವೂ ಇವತ್ತಿಗೂ ಹೊಸದಾಗಿ ಸಿಗುತ್ತವೆ. ಮುಂದಿನ ವರ್ಷ ಮಾಡಿಸಿದರೂ ನಡೆಯುತ್ತದೆ. ಬಾಡಿ ಹಾಗಲ್ಲ. ಲಾರಿಯಂತೆ ಬೇರೆ ಚಾಸಿ ಇದಕ್ಕಿಲ್ಲ. ತಳದ ಉದ್ದ ತೊಲೆಗಳು, ಅಡ್ಡ ತೊಲೆಗಳು, ಸಿಲ್ (ಬಾಗಿಲುಗಳ ಕೆಳಗೆ ಉದ್ದಕ್ಕೂ ಇರುವ ಟೊಳ್ಳು ಪಟ್ಟಿ), ನೆಲದ ತಗಡು ಎಲ್ಲವನ್ನೂ ಒಂದಕ್ಕೊಂದು ಬೆಸೆದು ಇಡೀ ಮೈಯೇ ಭಾರ ಹೊರುವಂತೆ ಮಾಡಿದ್ದಾರೆ. ಅದರಲ್ಲೂ ವ್ಯಾನನ್ನು ಕ್ಯಾಂಪರ್ ಆಗಿ ಮಾರ್ಪಡಿಸಿದ ಕಂಪನಿಯಾದ ವೆಸ್ಟ್‌ಫಾಲಿಯಾದವರು ಎತ್ತುವ ಛಾವಣಿಗಾಗಿ ಮೇಲಿನ ತಗಡನ್ನು ದೊಡ್ಡದಾಗಿ ಕತ್ತರಿಸಿದ್ದಾರೆ. ಒಂದು ಪಕ್ಕದಲ್ಲಿ ಜಾರುಬಾಗಿಲಿನ ದೊಡ್ಡ ತೆರಪು ಬೇರೆ. ಹಾಗಾಗಿ ಸಿಲ್ ಕೊಳೆತರೆ ಗಾಡಿ ನಡುವಿನಲ್ಲಿ ಬಾಗುತ್ತದೆ. ಜಾರುಬಾಗಿಲು ಹಾಕುವಾಗ ಮೇಲೆತ್ತಿ ತಳ್ಳಬೇಕಾಗುತ್ತದೆಯೇ, ನೋಡಿ. ಹೌದಾದರೆ ಮೊದಲು ರೋಲರ್ ಸವೆದಿದೆಯೇ ಪರೀಕ್ಷಿಸಿ. ರೋಲರ್ ಸರಿಯಿದ್ದೂ ಬಾಗಿಲು ಕಚ್ಚುತ್ತಿದ್ದರೆ ಸಿಲ್ಲಿನ ಮೇಲೆಯೇ ಅನುಮಾನ ಪಡಬೇಕು.

ನೀರಿನ ದಾರಿ ಹೀಗಿದೆ. ಛಾವಣಿಯ ಸುತ್ತ ಮಳೆನೀರಿನ ಗಟರ್ ಇದೆಯಲ್ಲ, ಅದರ ಬೆಸುಗೆಯ ಸಂದಿಗೆ ಬಳಿದ ಸೀಲರ್ ವರ್ಷಗಳಾದ ಮೇಲೆ ಒಣಗಿ ಬಿರುಕು ಬಿಡುತ್ತದೆ. ನೀರು ಅಲ್ಲಿಂದ ಕಂಬಗಳ ಒಳಗಿಳಿದು ಸಿಲ್ಲಿನೊಳಗೆ ಬೀಳುತ್ತದೆ. ಇನ್ನೊಂದು ಪಾಲು ಕಿಟಕಿಗಳ ಬೀಡಿಂಗ್ ರಬ್ಬರಿನ ಹಿಂದಿನಿಂದ, ಗಾಜಿನ ಪಟ್ಟಿಗಳ ಜಾಲೂಸಿ ಕಿಟಕಿಯಿಂದ, ಎತ್ತುವ ಛಾವಣಿಯ ಅಂಚಿನ ಸೀಲಿನಿಂದ ಬರುತ್ತದೆ. ಪ್ಲೈವುಡ್ ಹಲಗೆಗಳ ಹಿಂದೆ ಕಾರ್ಖಾನೆಯವರು ತುಂಬಿದ ಗಾಜಿನ ಉಣ್ಣೆ ಆ ನೀರನ್ನು ಕುಡಿದು ತಗಡಿಗೆ ಅಂಟಿಕೊಂಡೇ ಇರುತ್ತದೆ. ಸಿಲ್ಲಿನ ತಳದಲ್ಲಿ ನೀರು ಹರಿದುಹೋಗಲು ಬಿಟ್ಟ ತೂತುಗಳಿವೆ, ಆದರೆ ಹಿಂದಿನ ಮಾಲೀಕರು ಒಬ್ಬರಾದ ಮೇಲೊಬ್ಬರು ಬಳಿಸಿದ ಕಪ್ಪು ಡಾಂಬರಿನಂಥ ಕೋಟಿಂಗ್ ಅವನ್ನೇ ಮುಚ್ಚಿರುತ್ತದೆ. ತುಕ್ಕು ಒಳಗಿನಿಂದ ತಿನ್ನುತ್ತಾ ಬರುತ್ತದೆ. ಹೊರಗೆ ಒಂದು ಸಣ್ಣ ಗುಳ್ಳೆ ಕಾಣುವ ಹೊತ್ತಿಗೆ ಒಳಗಿನ ಪದರ ಹಪ್ಪಳವಾಗಿರುತ್ತದೆ.

ನನ್ನ ಗಾಡಿಗೆ ಎಂಜಿನ್ನಿಗಿಂತಲೂ ದುಬಾರಿಯಾಗಿ ಬಿದ್ದದ್ದು ಮುಂದಿನ ಗಾಜಿನ ಬೀಡಿಂಗ್ ರಬ್ಬರು. ಪೇಂಟಿಗೆ ಕೊಡುವಾಗ ಗಾಜು ತೆಗೆಸಿದ್ದೆ. ಹಳೆಯ ರಬ್ಬರು ನೋಡಲು ಚೆನ್ನಾಗಿಯೇ ಇತ್ತು, ಅದನ್ನೇ ಮತ್ತೆ ಹಾಕಿಸಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಬಹಳ ಜನ ಹೀಗೇ ಮಾಡುತ್ತಾರೆ. ಹಳೆಯ ರಬ್ಬರಿನ ಮೇಲ್ಮೈ ಕರ್ರಗೆ ಹೊಳೆಯುತ್ತಿದ್ದರೂ ತಗಡನ್ನು ಹಿಡಿಯುವ ಒಳತುಟಿ ಗಟ್ಟಿಯಾಗಿ, ದಶಕಗಳಿಂದ ಒತ್ತಿಕೊಂಡಿದ್ದ ಆಕಾರಕ್ಕೇ ನಿಂತುಬಿಟ್ಟಿರುತ್ತದೆ. ಹೊಸ ಪೇಂಟಿನಿಂದ ಅಂಚಿನ ದಪ್ಪ ಕೂದಲೆಳೆಯಷ್ಟು ಬದಲಾದರೂ ಆ ತುಟಿ ಎಲ್ಲ ಕಡೆ ಕೂರುವುದಿಲ್ಲ. ಕೆಳಗಿನ ಎರಡು ಮೂಲೆಗಳಲ್ಲಿ ರಬ್ಬರು ತಿರುಗುವ ಕಡೆ ಸಂದು ಉಳಿಯುತ್ತದೆ. ಗಾಜಿನ ಮೇಲೆ ಇಳಿದ ನೀರೆಲ್ಲ ಬಂದು ಸೇರುವುದೂ ಅದೇ ಮೂಲೆಗಳಿಗೆ. ಒಳಗೆ ಹೋದ ನೀರು ಹೊರಬರಲು ದಾರಿಯಿಲ್ಲದೆ ರಬ್ಬರಿನ ಕಾಲುವೆಯಲ್ಲೇ ನಿಲ್ಲುತ್ತದೆ. ಗಾಜು ಕೂರಿಸುವಾಗ ಹಗ್ಗ ಎಳೆದಲ್ಲಿ ಪೇಂಟಿಗೆ ಒಂದು ಗೀರು ಬಿದ್ದಿದ್ದರೂ ಸಾಕು, ತುಕ್ಕಿಗೆ ಬಾಗಿಲು ತೆರೆದಂತೆ. ಚಳಿಗಾಲ ಕಳೆಯುವಷ್ಟರಲ್ಲಿ ಗಾಜಿನ ಕೆಳಗೆ ಹೊಸ ಬಣ್ಣ ಉಬ್ಬಿತು. ಸರಿಪಡಿಸಲು ಮತ್ತೆ ಗಾಜು ತೆಗೆದು, ಅಂಚು ಕತ್ತರಿಸಿ, ಹೊಸ ತಗಡು ಬೆಸೆದು, ಬಣ್ಣ ಬೇರೆಯಾಗಿ ಕಾಣಬಾರದೆಂದು ಇಡೀ ಮೂತಿಗೆ ಪೇಂಟ್ ಹೊಡೆಯಬೇಕಾಯಿತು. ಹೊಸ ರಬ್ಬರಿನ ಬೆಲೆ ಇದರ ಮುಂದೆ ಏನೂ ಅಲ್ಲ.

ಸರಿಯಾದ ಕ್ರಮ ಇದು. ಗಾಜು ತೆಗೆದ ಮೇಲೆ ಅಂಚನ್ನು ಸುತ್ತಲೂ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ. ಚುಕ್ಕಿ ತುಕ್ಕು ಉಳಿದಿದ್ದರೆ ಆ್ಯಸಿಡ್ ಹಚ್ಚಿ ತೊಳೆದು ಪೂರ್ತಿ ಒಣಗಿಸಿ. ಎರಡು ಭಾಗ ಬೆರೆಸುವ ಎಪಾಕ್ಸಿ ಪ್ರೈಮರ್, ಅದರ ಮೇಲೆ ಬಣ್ಣ. ಬಣ್ಣ ಗಟ್ಟಿಯಾಗಲು ಒಂದೆರಡು ವಾರ ಬಿಡಿ, ಅವಸರ ಬೇಡ. ಹೊಸ ರಬ್ಬರನ್ನು ಮೊದಲು ಗಾಜಿಗೆ ಕೂರಿಸಿ. ಅದರ ಹೊರಗಿನ ತೋಡಿನಲ್ಲಿ 4 ಮಿ.ಮೀ. ನೈಲಾನ್ ಹಗ್ಗವನ್ನು ಸುತ್ತಲೂ ತೂರಿಸಿ, ಎರಡೂ ತುದಿ ಕೆಳಗಡೆ ಮಧ್ಯದಲ್ಲಿ ಹೊರಬರಲಿ. ಸೋಪಿನ ನೀರು ಹಚ್ಚಿ ಹೊರಗಿನಿಂದ ಇಡಿ. ಒಬ್ಬರು ಹೊರಗೆ ಅಂಗೈಯಿಂದ ಒತ್ತುತ್ತಿರಬೇಕು, ಒಳಗಿದ್ದವರು ಹಗ್ಗವನ್ನು ಗಾಜಿಗೆ ಸಮಾನಾಂತರವಾಗಿ ನಿಧಾನಕ್ಕೆ ಎಳೆಯಬೇಕು. ತುಟಿ ಒಂದೊಂದೇ ಅಂಗುಲವಾಗಿ ಅಂಚಿನ ಒಳಗೆ ಮಗುಚಿಕೊಳ್ಳುತ್ತದೆ. ಆಮೇಲೆ ರಬ್ಬರಿಗೂ ತಗಡಿಗೂ ನಡುವೆ ಗಟ್ಟಿಯಾಗದ ಬೀಡಿಂಗ್ ಸೀಲರ್ ತುಂಬಿ. ಬಾತ್‌ರೂಮಿಗೆ ಹಾಕುವ, ಹುಳಿ ವಾಸನೆಯ ಸಿಲಿಕೋನ್ ಮಾತ್ರ ಬೇಡವೇ ಬೇಡ. ಅದು ಒಣಗುವಾಗ ಹೊರಬರುವ ಅಸಿಟಿಕ್ ಆಮ್ಲವೇ ಉಕ್ಕಿಗೆ ತುಕ್ಕು ತರಿಸುತ್ತದೆ, ಅದರ ಮೇಲೆ ಮುಂದೆ ಪೇಂಟೂ ಹಿಡಿಯುವುದಿಲ್ಲ.

ಹಾಗಾಗಿ ನೀವು ಈಗ ಮಾಡಬೇಕಾದದ್ದು: ಒಳಗಿನ ಪಕ್ಕದ ಹಲಗೆಗಳನ್ನು ಬಿಚ್ಚಿ, ಒದ್ದೆ ಉಣ್ಣೆಯನ್ನೆಲ್ಲ ಕಿತ್ತೆಸೆಯಿರಿ. ಒಬ್ಬರು ಒಳಗೆ ಟಾರ್ಚು ಮತ್ತು ಸೀಮೆಸುಣ್ಣ ಹಿಡಿದು ಕೂರಲಿ. ಇನ್ನೊಬ್ಬರು ತೋಟದ ಪೈಪಿನಿಂದ ಕೆಳಗಿನಿಂದ ಮೇಲಕ್ಕೆ, ಒಂದೊಂದು ಕಿಟಕಿಗೂ ಐದೈದು ನಿಮಿಷ ನೀರು ಬಿಡಲಿ. ಮೇಲಿನಿಂದ ಶುರುಮಾಡಿದರೆ ಎಲ್ಲ ಕಡೆ ಒಟ್ಟಿಗೇ ಒದ್ದೆಯಾಗಿ ಯಾವುದು ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ. ನೀರಿನ ಒತ್ತಡ ಜಾಸ್ತಿ ಬೇಡ, ಮಳೆಯಂತೆ ಬೀಳಲಿ. ಇದಾದ ಮೇಲೆ ಸ್ಕ್ರೂಡ್ರೈವರ್ ಹಿಡಿದು ತಳಕ್ಕಿಳಿಯಿರಿ. ಜಾಕಿ ಇಡುವ ಜಾಗಗಳು, ಅವುಗಳಿಂದ ಉದ್ದ ತೊಲೆಗೆ ಹೋಗುವ ಅಡ್ಡಪಟ್ಟಿಗಳು, ಮುಂದಿನ ಚಕ್ರದ ಹಿಂಬದಿ, ಡ್ರೈವರ್ ಹತ್ತುವ ಮೆಟ್ಟಿಲು, ಎಂಜಿನ್ ಕೋಣೆಯಲ್ಲಿ ಬ್ಯಾಟರಿ ಕೂರುವ ತಟ್ಟೆ, ಇವನ್ನೆಲ್ಲ ಚುಚ್ಚಿ ನೋಡಿ. ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ಯಾವ ಕಡೆ ಹಿಡಿಯುವುದಿಲ್ಲವೋ ಅಲ್ಲಿ ಪುಟ್ಟಿ ತುಂಬಿದ್ದಾರೆ ಎಂದೇ ಲೆಕ್ಕ.

ಸಿಲ್ ಹೋಗಿದ್ದರೆ ಹೊರಗಿನ ತಗಡನ್ನಷ್ಟೇ ಬದಲಿಸುತ್ತೇನೆ ಎನ್ನುವ ಟಿಂಕರಿಂಗ್‌ನವರನ್ನು ಒಪ್ಪಬೇಡಿ. ಅಲ್ಲಿ ತಗಡಿನ ಮೂರು ಪದರಗಳಿವೆ. ಕೊಳೆತದ್ದರ ಮೇಲೆ ಹೊಸ ತಗಡು ಹೊದಿಸಿದರೆ ಎರಡರ ನಡುವೆ ನೀರು ನಿಂತು ಹೊಸದೂ ಹೋಗುತ್ತದೆ. ಕತ್ತರಿಸುವ ಮುನ್ನ ಗಾಡಿಯ ಭಾರ ಚಕ್ರಗಳ ಮೇಲೇ ಇರಲಿ, ಜಾರುಬಾಗಿಲಿನ ತೆರಪಿಗೆ ಅಡ್ಡ ಪೈಪು ಬೆಸೆದು ಬಿಗಿಮಾಡಿ. ಒಂದು ಸಲಕ್ಕೆ ಒಂದೇ ಪಕ್ಕ. ತಗಡು 1 ಮಿ.ಮೀ., ಬೆಸುಗೆಯ ಮಿಗ್ ವೈರು 0.6 ಮಿ.ಮೀ. ಬೆಸುಗೆಯನ್ನು ಉದ್ದಕ್ಕೆ ಎಳೆಯದೆ ದೂರದೂರ ಚುಕ್ಕಿ ಹಾಕುತ್ತಾ ಹೋದರೆ ತಗಡು ಸುರುಟುವುದಿಲ್ಲ. ಪ್ರತಿ ಸಲ ಚುಕ್ಕಿ ಹಾಕುವ ಮುನ್ನ ಬಾಗಿಲು ಹಾಕಿ ತೆಗೆದು ಸಂದಿಯ ಅಗಲ ನೋಡಿ. ಬ್ಯಾಟರಿ, ಆಲ್ಟರ್ನೇಟರ್ ವೈರು ಕಳಚಿ, ಗ್ಯಾಸ್ ಸಿಲಿಂಡರ್ ಇಳಿಸಿರಬೇಕು. ಎಲ್ಲ ಮುಗಿದು ಪೇಂಟ್ ಒಣಗಿದ ಮೇಲೆ ಸಿಲ್ಲಿನೊಳಗೆ, ಕಂಬಗಳೊಳಗೆ ಕ್ಯಾವಿಟಿ ವ್ಯಾಕ್ಸ್ (ಟೊಳ್ಳು ಜಾಗಗಳಿಗೆ ತುಕ್ಕು ಹಿಡಿಯದಂತೆ ಹಾಕುವ ಮೇಣ) ಸಿಂಪಡಿಸಿ, ತಳದ ತೂತುಗಳನ್ನು ತಂತಿಯಿಂದ ತೆರೆಯಿರಿ.

ಈಗ ನಿಮ್ಮ ಹೊಗೆಗೆ ಬರೋಣ. ಎಂಜಿನ್ ಬಿಚ್ಚಿಸುವ ಮುನ್ನ ಒಂದು ಪರೀಕ್ಷೆ ಇದೆ, ಖರ್ಚಿಲ್ಲದ್ದು. ಎಂಜಿನ್ ಆಫ್ ಮಾಡಿ, ಹಿಂದೆ ಕಾಣುವ ಕ್ರ್ಯಾಂಕ್ ಪುಲ್ಲಿಯನ್ನು ಎರಡೂ ಕೈಯಿಂದ ಹಿಡಿದು ಹಿಂದಕ್ಕೂ ಮುಂದಕ್ಕೂ ಜಗ್ಗಿ. ಟಕ್ ಟಕ್ ಎಂದು ಕೇಳುವಷ್ಟು ಆಡಿದರೆ ಒಳಗಿನ ಮೇನ್ ಬೇರಿಂಗು, ಕೇಸು ಸವೆದಿವೆ, ಪೂರ್ತಿ ಕೆಲಸ ಬೇಕು. ಅಳೆಯುವ ಡಯಲ್ ಗೇಜಿನಲ್ಲಿ ಈ ಆಟ 0.07ರಿಂದ 0.13 ಮಿ.ಮೀ. ಇರಬೇಕು, 0.15 ಮೀರಬಾರದು. ಆಟ ಈ ಮಿತಿಯೊಳಗಿದೆ, ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಹೆಚ್ಚುಕಡಿಮೆ ಸಮ ಇದೆ ಎಂದರೆ ಸುಮ್ಮನೆ ಓಡಿಸಿ. ರಾತ್ರಿಯೆಲ್ಲ ನಿಂತು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಂದು ಹೋಗುವ ಹೊಗೆ, ಸಿಲಿಂಡರುಗಳು ಮಲಗಿರುವ ಈ ಎಂಜಿನ್ನಿನಲ್ಲಿ ಸಾಮಾನ್ಯ.

ಅದರ ಬದಲು ಟ್ಯಾಪೆಟ್ ಸೆಟ್ಟಿಂಗ್, ಅಂದರೆ ವಾಲ್ವುಗಳ ಸಂದು ಸರಿಮಾಡುವುದನ್ನು ಕಲಿಯಿರಿ. ಎಂಜಿನ್ ರಾತ್ರಿಯಿಡೀ ತಣ್ಣಗಾಗಿರಬೇಕು, ಇನ್‌ಟೇಕು ಎಕ್ಸಾಸ್ಟು ಎರಡಕ್ಕೂ 0.15 ಮಿ.ಮೀ. ಮೊದಲ ಸಿಲಿಂಡರಿನ ಪಿಸ್ಟನ್ ಎರಡೂ ವಾಲ್ವು ಮುಚ್ಚಿ ಮೇಲ್ತುದಿಗೆ ಬಂದಲ್ಲಿಂದ ಶುರುಮಾಡಿ ಪುಲ್ಲಿಯನ್ನು ಅರ್ಧರ್ಧ ಸುತ್ತು ಹಿಮ್ಮುಖವಾಗಿ ತಿರುಗಿಸಿದರೆ 1, 2, 3, 4 ಎಂದು ಸಾಲಾಗಿ ಬರುತ್ತವೆ. ಅಳತೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಒಂದೇ ಎಕ್ಸಾಸ್ಟ್ ವಾಲ್ವು ಪ್ರತಿ ಸಲವೂ ಬಿಗಿಯಾಗಿ ಸಿಗುತ್ತಿದ್ದರೆ ಅದರ ಕಾಂಡ ಹಿಗ್ಗುತ್ತಿರಬಹುದು. ಒಂದು ದಿನ ಆ ವಾಲ್ವಿನ ತಲೆ ಮುರಿದು ಪಿಸ್ಟನ್ ಮೇಲೆ ಬೀಳುತ್ತದೆ, ಆಮೇಲೆ ಉಳಿಸಲು ಏನೂ ಇರುವುದಿಲ್ಲ. ಹಾಗಾಗಿ ವಾಲ್ವು ಬಿಗಿಯಾಗುತ್ತಿರುವುದು ಕಂಡಾಗಲೇ ಹೆಡ್ಡು ಬಿಚ್ಚಿಸಬೇಕು. ಆಯಿಲ್ 2.5 ಲೀಟರ್ ಮಾತ್ರ, ಪೇಪರ್ ಫಿಲ್ಟರ್ ಇಲ್ಲ, ಬರೀ ಜಾಲರಿ. ಅದಕ್ಕೇ 5,000 ಕಿ.ಮೀ.ಗೆ ಬದಲಿಸಲೇಬೇಕು. ಜಾಲರಿಯ ತಟ್ಟೆಯ ಆರು ನಟ್ಟುಗಳಿಗೆ 7 ನ್ಯೂಟನ್ ಮೀಟರ್ ಸಾಕು, ಜಾಸ್ತಿ ಬಿಗಿದರೆ ಸ್ಟಡ್ಡು ಕಿತ್ತುಬರುತ್ತದೆ. ಎಂಜಿನ್ ಸುತ್ತಲಿನ ತಗಡಿಗೂ ಬಾಡಿಗೂ ನಡುವೆ ಇರುವ ರಬ್ಬರ್ ಪಟ್ಟಿ ಇದೆಯೇ ನೋಡಿ. ಬಹಳ ಗಾಡಿಗಳಲ್ಲಿ ಇರುವುದಿಲ್ಲ. ಅದಿಲ್ಲದಿದ್ದರೆ ಕೆಳಗಿನ ಬಿಸಿಗಾಳಿಯನ್ನೇ ಫ್ಯಾನು ಮತ್ತೆ ಎಳೆದುಕೊಂಡು ಗಾಳಿಯಿಂದ ತಣಿಯುವ ಎಂಜಿನ್ ಬೇಯುತ್ತದೆ.

ಇವೆಲ್ಲಕ್ಕೂ ಮೊದಲು, ಈ ವಾರವೇ ಮಾಡಬೇಕಾದ ಒಂದು ಕೆಲಸ ಪೆಟ್ರೋಲ್ ಪೈಪುಗಳದ್ದು. ಈ ಗಾಡಿಗಳು ಹೊತ್ತಿ ಉರಿಯುವುದು ಹೆಚ್ಚಾಗಿ ಅದರಿಂದಲೇ. ಹೊರಗೆ ಬಟ್ಟೆ ಹೆಣೆದ ಹಳೆಯ ಪೈಪು ಒಳಗೆ ಬಿರಿದದ್ದು ಕಾಣುವುದಿಲ್ಲ, ಎಥನಾಲ್ ಬೆರೆತ ಇ10 ಪೆಟ್ರೋಲ್ ಅದನ್ನು ಇನ್ನೂ ಬೇಗ ತಿನ್ನುತ್ತದೆ. 5.5 ಮಿ.ಮೀ. ಒಳವ್ಯಾಸದ, ಎಥನಾಲ್ ತಡೆಯುವ ಪೈಪು ತಂದು ಟ್ಯಾಂಕಿನಿಂದ ಕಾರ್ಬ್ಯುರೇಟರ್‌ವರೆಗೆ ಪ್ರತಿ ತುಂಡನ್ನೂ ಬದಲಿಸಿ, ಗೇರ್‌ಬಾಕ್ಸಿನ ಮೇಲೆ ಕಣ್ಣಿಗೆ ಬೀಳದೆ ಅಡಗಿರುವುದನ್ನೂ ಸೇರಿಸಿ. ಕಾರ್ಬ್ಯುರೇಟರಿಗೆ ಒತ್ತಿ ಕೂರಿಸಿದ ಹಿತ್ತಾಳೆಯ ಮೂತಿಯನ್ನು ಬೆರಳಿನಿಂದ ತಿರುಗಿಸಿ ನೋಡಿ, ಸಡಿಲವಿದ್ದರೆ ಓಡಿಸಲೇಬೇಡಿ. ಪೆಟ್ರೋಲಿನ ಪ್ಲಾಸ್ಟಿಕ್ ಫಿಲ್ಟರು ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮೇಲೆ ನೇತಾಡುತ್ತಿದ್ದರೆ ತೆಗೆದು ಎಂಜಿನ್ ಕೋಣೆಯ ಹೊರಗೆ, ಟ್ಯಾಂಕಿನ ಕಡೆ ಹಾಕಿಸಿ. ಬೆಂಕಿ ಆರಿಸುವ ಸಿಲಿಂಡರು ಜಾರುಬಾಗಿಲಿನ ಪಕ್ಕ, ಹೊರಗೆ ನಿಂತೇ ಕೈಗೆ ಸಿಗುವಂತಿರಲಿ.

ಮರಗೆಲಸದ ವಿಷಯಕ್ಕೆ, ವೆಸ್ಟ್‌ಫಾಲಿಯಾದ ಮೂಲ ಬೀರುಗಳನ್ನು ಕಿತ್ತು ಹೊಸದು ಮಾಡಿಸುವ ಯೋಚನೆ ಬಿಡಿ. ಜರ್ಮನಿಯಲ್ಲಿ 30 ವರ್ಷ ದಾಟಿದ ಹಳೆಯ ಗಾಡಿಗೆ ಸಿಗುವ ಎಚ್ (ಐತಿಹಾಸಿಕ ವಾಹನ) ನಂಬರ್ ಪ್ಲೇಟಿಗೆ ಗಾಡಿ ಮೂಲರೂಪಕ್ಕೆ ಹತ್ತಿರವಿರಬೇಕು. ಆ ಪ್ಲೇಟಿದ್ದರೆ ವರ್ಷದ ತೆರಿಗೆ 191 ಯೂರೋ ಅಷ್ಟೆ, ನಗರಗಳ ಮಾಲಿನ್ಯ ವಲಯಕ್ಕೂ ಅಡ್ಡಿಯಿಲ್ಲ. ಉಬ್ಬಿದ ಬುಡವನ್ನು ಮಾತ್ರ ಕತ್ತರಿಸಿ ಅದೇ ದಪ್ಪದ ಪ್ಲೈವುಡ್ ಜೋಡಿಸಿ, ಕತ್ತರಿಸಿದ ಅಂಚಿಗೆ ಎಪಾಕ್ಸಿ ಕುಡಿಸಿ. ಉಣ್ಣೆಯ ಜಾಗಕ್ಕೆ ನೀರು ಕುಡಿಯದ ಫೋಮ್ ಅಂಟಿಸಿ. ಹಳೆಯ ಗ್ಯಾಸ್ ಒಲೆ 50 ಮಿಲಿಬಾರ್ ಒತ್ತಡದ್ದು ಆಗಿದ್ದರೆ 30ರ ಹೊಸ ರೆಗ್ಯುಲೇಟರ್ ಹಾಕಬೇಡಿ, ಒಲೆಯ ಮೇಲೆ ಅಂಟಿಸಿದ ಪಟ್ಟಿ ಓದಿ. ಗ್ಯಾಸ್ ಪರೀಕ್ಷೆ ಎರಡು ವರ್ಷಕ್ಕೊಮ್ಮೆ, ರೆಗ್ಯುಲೇಟರು ಪೈಪು ಹತ್ತು ವರ್ಷಕ್ಕೊಮ್ಮೆ ಹೊಸದು. ನಮ್ಮ ಅಡುಗೆಗೆ ಒಂದು ಮಾತು: ಒಗ್ಗರಣೆ ಹಾಕುವಾಗ ಕಿಟಕಿ ತೆರೆದಿರಲಿ, ಎಣ್ಣೆಯ ಹಬೆ ಛಾವಣಿಯ ಕ್ಯಾನ್ವಾಸಿಗೆ ಕೂತರೆ ಹೋಗುವುದಿಲ್ಲ. ಕ್ಯಾನ್ವಾಸ್ ಒದ್ದೆಯಿದ್ದಾಗ ಛಾವಣಿ ಮುಚ್ಚಬೇಕಾಗಿ ಬಂದರೆ ಮನೆಗೆ ಬಂದ ದಿನವೇ ಮತ್ತೆ ಎತ್ತಿ ಒಣಗಿಸಿ, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ.

ಟೈರು 185 ಆರ್ 14, ಸಿ ಗುರುತಿನದೇ ಬೇಕು, ಕಾರಿನ ಟೈರು ಈ ಭಾರ ತಡೆಯುವುದಿಲ್ಲ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಿ. ಇಷ್ಟೆಲ್ಲ ಮಾಡಿದ ಮೇಲೆ ಉಪ್ಪು ಸುರಿದ ರಸ್ತೆಗೆ ಮಾತ್ರ ಇಳಿಸಬೇಡಿ. 2017ರಿಂದ ಎಚ್ ಪ್ಲೇಟನ್ನು ಋತುವಿನ ಪ್ಲೇಟಾಗಿಯೂ ಕೊಡುತ್ತಾರೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಬರೆಸಿಕೊಳ್ಳಿ, ತೆರಿಗೆಯೂ ಆ ತಿಂಗಳುಗಳಿಗಷ್ಟೇ ಬರುತ್ತದೆ.